ಐಸಿಡಿ ಶಾಕ್ ಹೊಡೆದ ಮೇಲೆ ಕೂರುವ ಭಯ

ಸ್ನೇಹಿತರೇ, ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದೆಲ್ಲ ಶಿವಮೊಗ್ಗಕ್ಕೆ ಬಂದು ಕೂತಿದ್ದೀರಿ. ಎದೆಯಲ್ಲಿ ಐಸಿಡಿ, ಅಂದರೆ ಹೃದಯದ ಬಡಿತ ಅಪಾಯದ ಮಟ್ಟಕ್ಕೆ ಹದ ತಪ್ಪಿದಾಗ ಶಾಕ್ ಕೊಟ್ಟು ಸರಿಮಾಡುವ ಸಣ್ಣ ಮಿಷನ್, ಇರುವವರೂ ಇದ್ದೀರಿ, ಅವರ ಜೊತೆ ಮನೆಯಲ್ಲಿ ನಿದ್ದೆಗೆಟ್ಟವರೂ ಇದ್ದೀರಿ. ಮಿಷನ್ ಒಮ್ಮೆ ಶಾಕ್ ಹೊಡೆದ ಮೇಲೆ ಮನಸ್ಸಿನಲ್ಲಿ ಕೂತುಬಿಡುವ ಭಯದ ಬಗ್ಗೆ ಇವತ್ತು ಮಾತಾಡೋಣ.

ಇದು ಹೇಡಿತನವಲ್ಲ. ಒಂದು ಶಾಕಿನಲ್ಲಿ 35ರಿಂದ 40 ಜೌಲ್‌ನಷ್ಟು ಶಕ್ತಿ ಕೆಲವೇ ಮಿಲಿಸೆಕೆಂಡಿನಲ್ಲಿ ಎದೆಯೊಳಗೆ ಹಾದುಹೋಗುತ್ತದೆ. ಎಚ್ಚರವಿದ್ದವರಿಗೆ ಎದೆಗೆ ಯಾರೋ ಜಾಡಿಸಿ ಒದ್ದ ಹಾಗಾಗುತ್ತದೆ. ಆ ಹೊತ್ತಿನಲ್ಲಿ ಎಲ್ಲಿದ್ದೆವು, ಏನು ಮಾಡುತ್ತಿದ್ದೆವು ಎಂಬುದನ್ನು ಮೆದುಳು ಏಟಿನ ಜೊತೆಗೇ ಗಂಟು ಹಾಕಿಕೊಳ್ಳುತ್ತದೆ. ತೋಟದ ಏರು ಹತ್ತುವಾಗ ಶಾಕ್ ಬಂದಿದ್ದರೆ ಮರುದಿನದಿಂದ ತೋಟ ಬೇಡ, ವಾರದಲ್ಲಿ ಅಂಗಳ ಬೇಡ, ಆಮೇಲೆ ಒಬ್ಬರೇ ಬಚ್ಚಲಿಗೆ ಹೋಗುವುದೂ ಬೇಡ. ತಪ್ಪಿಸಿಕೊಂಡಷ್ಟೂ ಭಯ ಹಬ್ಬುತ್ತದೆ.

ಮತ್ತೆ ಶಾಕ್ ಬಂದರೆ ಏನು ಮಾಡಬೇಕು ಎಂಬುದು ಮನೆಯವರಿಗೆಲ್ಲ ಬಾಯಿಪಾಠ ಆಗಿರಲಿ. ಒಂದೇ ಶಾಕ್ ಬಂತು, ಕೆಲವು ನಿಮಿಷದಲ್ಲಿ ಸರಿಹೋದಿರಿ ಅಂದರೆ ಕೂತುಕೊಳ್ಳಿ, ಹೊತ್ತು ಎಷ್ಟು, ಏನು ಮಾಡುತ್ತಿದ್ದಿರಿ ಎಂದು ಬರೆದಿಡಿ, ಅದೇ ದಿನ ಮಿಷನ್ ಹಾಕಿದ ಆಸ್ಪತ್ರೆಗೆ ಫೋನ್ ಮಾಡಿ. 24 ಗಂಟೆಯೊಳಗೆ ಎರಡನೆಯದು ಬಂದರೆ, ಅಥವಾ ಒಂದೇ ಆದರೂ ಎದೆನೋವು, ಏದುಸಿರು, ತಲೆ ತಿರುಗಿ ಬೀಳುವುದು ಇದ್ದರೆ 108ಕ್ಕೆ ಕರೆ ಮಾಡಿ. ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಕಟ್ಟುತ್ತದೆ, ನೆಟ್‌ವರ್ಕ್ ಹೋಗುತ್ತದೆ. ಹಾಗಾಗಿ ಫೋನ್ ಎಲ್ಲಿ ಸಿಗುತ್ತದೆ, ಯಾರ ಮನೆಯ ಜೀಪು ಇದೆ ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡಿರಿ. ಶಾಕ್ ಹೊಡೆಯುವಾಗ ಮುಟ್ಟಿದವರಿಗೆ ಚುರುಕ್ ಅನ್ನಬಹುದು, ಅಪಾಯವಿಲ್ಲ. ಅವರು ಪ್ರಜ್ಞೆ ತಪ್ಪಿ ಉಸಿರಾಡದೆ ಬಿದ್ದಿದ್ದರೆ ಹೆದರದೆ ಎದೆ ಒತ್ತಿ.

ಶಾಕ್ ಯಾಕೆ ಬಂತು ಅಂತ ತಿಳಿಯದೆ ಭಯ ಇಳಿಯುವುದಿಲ್ಲ. ಮಿಷನ್ ಪ್ರತಿ ಘಟನೆಯನ್ನೂ ಬರೆದಿಟ್ಟುಕೊಂಡಿರುತ್ತದೆ. ಆಸ್ಪತ್ರೆಯಲ್ಲಿ ಪ್ರೋಗ್ರಾಮರ್ ಎಂಬ ಉಪಕರಣ ಇಟ್ಟು ಅದನ್ನು ಓದಿಸಿ. ಹೃದಯದ ಕೆಳಕೋಣೆಯಿಂದ ಎದ್ದ ಬಡಿತದ ಅಪಾಯದ ಓಟವನ್ನು ನಿಲ್ಲಿಸಿತೋ, ಮೇಲ್ಕೋಣೆಯ ಏರುಪೇರನ್ನು ತಪ್ಪು ತಿಳಿಯಿತೋ, ಮಿಷನ್ನಿನಿಂದ ಹೃದಯಕ್ಕೆ ಹೋಗುವ ತಂತಿ ಬಿರುಕು ಬಿಟ್ಟಿದೆಯೋ, ಹೊರಗಿನ ಕರೆಂಟ್ ಸೋರಿಕೆಯೋ, ಒಂದೊಂದಕ್ಕೂ ಪರಿಹಾರ ಬೇರೆ. ಮಾತ್ರೆ ಬದಲಿಸಬಹುದು, ಏರುಪೇರು ಹುಟ್ಟಿಸುವ ಜಾಗವನ್ನು ಸುಡುವ ಅಬ್ಲೇಶನ್ ಮಾಡಬಹುದು, ತಂತಿ ಬದಲಿಸಬಹುದು, ಸೆಟ್ಟಿಂಗ್ ತಿದ್ದಬಹುದು. ಮುಂಜಾಗ್ರತೆಗೆಂದು ಐಸಿಡಿ ಹಾಕಿಸಿಕೊಂಡವರ ಮೇಲೆ ನಡೆದು 2012ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಮಿಷನ್ ಚಿಕಿತ್ಸೆ ಶುರುಮಾಡುವ ಬಡಿತದ ಗಡಿಯನ್ನು ನಿಮಿಷಕ್ಕೆ 200ಕ್ಕೆ ಏರಿಸಿದಾಗ ಬೇಡದ ಚಿಕಿತ್ಸೆಗಳೂ ಕಡಿಮೆಯಾದವು, ಸಾವುಗಳೂ ಕಡಿಮೆಯಾದವು.

ಆ ಗಡಿಯ ಸಂಖ್ಯೆಯನ್ನು ಕೇಳಿ ತಿಳಿದುಕೊಳ್ಳಿ ಎಂದು ನಾವು ಒತ್ತಿ ಹೇಳುತ್ತೇವೆ. ಶಾಕ್ ತಿಂದವರಿಗೆ ಎದೆ ಡವಡವ ಅಂದರೆ ಸಾಕು, ಬಂತು ಅನಿಸುತ್ತದೆ. ಆ ಹೆದರಿಕೆಗೆ ಅಡ್ರಿನಲಿನ್ ಏರಿ ಬಡಿತ ಇನ್ನೂ ಜೋರಾಗುತ್ತದೆ, ಹೆದರಿಕೆ ಮತ್ತೂ ಹೆಚ್ಚುತ್ತದೆ. ಆದರೆ ಕೂತಲ್ಲೇ ಹೆದರಿದಾಗ ಬಡಿತ ಸಾಮಾನ್ಯವಾಗಿ 100ರಿಂದ 130ರ ಆಸುಪಾಸಿನಲ್ಲಿರುತ್ತದೆ. ಹೆಚ್ಚಿನವರ ಮಿಷನ್ ಶಾಕ್ ಕೊಡಲು ಇಟ್ಟಿರುವ ಗಡಿ ಅದಕ್ಕಿಂತ ಬಹಳ ಮೇಲೆ. ಕೆಲವರಿಗೆ ಕಾರಣವಿದ್ದೇ ಕಡಿಮೆ ಇಟ್ಟಿರುತ್ತಾರೆ, ಅದಕ್ಕೇ ನಿಮ್ಮದು ಎಷ್ಟು ಎಂದು ಕೇಳಿ ಐಸಿಡಿ ಕಾರ್ಡಿನ ಹಿಂದೆ ಬರೆಸಿಕೊಳ್ಳಿ. ಹಾಗಂತ ದಿನವಿಡೀ ನಾಡಿ ಹಿಡಿದು ಕೂರಬೇಡಿ, ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿಕೊಂಡೇ ಇರಬೇಡಿ. ಪದೇಪದೇ ನೋಡುವುದೂ ಭಯವನ್ನು ಸಾಕುತ್ತದೆ.

ತೋಟಕ್ಕೆ ಮರಳುವುದು ಮೆಟ್ಟಿಲು ಮೆಟ್ಟಿಲಾಗಿ ಆಗಬೇಕು. ಎಷ್ಟು ಆಯಾಸ ತಡೆಯುತ್ತದೆ ಎಂದು ಮೊದಲು ವೈದ್ಯರಲ್ಲಿ ಕೇಳಿ, ಸಾಧ್ಯವಾದರೆ ಟ್ರೆಡ್‌ಮಿಲ್ ಮೇಲೆ ಅವರ ಎದುರೇ ನಡೆದು ನೋಡಿ. ಆಮೇಲೆ ಅಂಗಳದಲ್ಲಿ ಐದು ನಿಮಿಷ. ಅದು ಸಲೀಸಾದ ಮೇಲೆ ದಣಪೆಯವರೆಗೆ, ಆಮೇಲೆ ಯಾರನ್ನಾದರೂ ಕರೆದುಕೊಂಡು ತೋಟದ ಮೊದಲ ಸಾಲಿನವರೆಗೆ, ಕೊನೆಗೆ ಒಬ್ಬರೇ. ಪ್ರತಿ ಮೆಟ್ಟಿಲಲ್ಲೂ ಭಯ ಏರುತ್ತದೆ. ಅದು ಇಳಿಯುವವರೆಗೆ ಅಲ್ಲೇ ನಿಲ್ಲಿ. ಅರ್ಧಕ್ಕೆ ಓಡಿ ಬಂದರೆ ಮರುದಿನದ ಭಯ ದೊಡ್ಡದಾಗುತ್ತದೆ. ಬೆಳಿಗ್ಗೆ, ಸಂಜೆ ಐದೈದು ನಿಮಿಷ, ನಾಲ್ಕು ಎಣಿಸುತ್ತ ಉಸಿರು ಎಳೆದು ಆರು ಎಣಿಸುತ್ತ ಬಿಡುವುದನ್ನು ರೂಢಿಸಿಕೊಳ್ಳಿ. ಭಯ ಏರಿದಾಗ ಹೊಸದಾಗಿ ಕಲಿಯಲು ಆಗುವುದಿಲ್ಲ. ಸಂಕ ದಾಟುವುದು, ಮರ ಹತ್ತುವುದು, ಗಾಡಿ ಓಡಿಸುವುದು ಮಾತ್ರ ವೈದ್ಯರು ಸರಿ ಅನ್ನುವವರೆಗೆ ಬೇಡ. ಅದು ಭಯದ ಮಾತಲ್ಲ, ಅಲ್ಲಿ ಪ್ರಜ್ಞೆ ತಪ್ಪಿದರೆ ಜೀವಕ್ಕೇ ಕುತ್ತು.

ಕೆಲವು ಎಚ್ಚರಿಕೆಗಳು ನಿಜಕ್ಕೂ ಬೇಕು. ಕರೆಂಟ್ ಹಾಯಿಸಿದ ಐಬೆಕ್ಸ್ ಬೇಲಿ ಮುಟ್ಟಬೇಡಿ. ಅರ್ಥಿಂಗ್ ಸರಿಯಿಲ್ಲದ ಪಂಪ್‌ಸೆಟ್ಟು, ನೀರಿಗೆ ಇಳಿಬಿಡುವ ಹೀಟರ್ ರಾಡು ಇವುಗಳಿಂದ ಸೋರುವ ಕರೆಂಟನ್ನು ಮಿಷನ್ ಹೃದಯದ ಬಡಿತ ಎಂದುಕೊಂಡು ಶಾಕ್ ಕೊಡಬಹುದು. ಎಲೆಕ್ಟ್ರಿಷಿಯನ್ ಕರೆಸಿ ರಿಪೇರಿ ಮಾಡಿಸಿ. ಮೊಬೈಲನ್ನು ಎಡ ಜೇಬಿನಲ್ಲಿಡದೆ 15 ಸೆಂಟಿಮೀಟರ್ ದೂರವಿಡಿ, ಇಂಡಕ್ಷನ್ ಒಲೆಯಿಂದ ಎರಡು ಅಡಿ ದೂರವಿರಿ. ವಾಂತಿ ಭೇದಿ ಹತ್ತಿದರೆ ಪೊಟ್ಯಾಸಿಯಂ ಇಳಿದು ಬಡಿತ ಹದ ತಪ್ಪುತ್ತದೆ, ಉದಾಸೀನ ಮಾಡಬೇಡಿ. ಮಳೆ ಹಿಡಿಯುವ ಮೊದಲೇ ಒಂದು ತಿಂಗಳ ಮಾತ್ರೆ ತಂದಿಟ್ಟುಕೊಳ್ಳಿ.

ನಿದ್ದೆ ಹತ್ತುವ ಹೊತ್ತಿಗೆ ಶಾಕ್ ಹೊಡೆದ ಹಾಗಾಗಿ ಎದ್ದು ಕೂರುವವರಿದ್ದಾರೆ. ಓದಿಸಿದರೆ ಮಿಷನ್ನಿನಲ್ಲಿ ಏನೂ ದಾಖಲಾಗಿರುವುದಿಲ್ಲ. ಅವರು ಸುಳ್ಳು ಹೇಳುತ್ತಿಲ್ಲ, ಅನುಭವ ನಿಜ. ಮನೆಯವರು ದಯವಿಟ್ಟು "ಎಲ್ಲಾ ನಿಂಗೆ ಭ್ರಮೆ" ಅನ್ನಬೇಡಿ. "ಏನೂ ಮಾಡ್ಬೇಡಿ, ಸುಮ್ನೆ ಕೂತ್ಕೊಳಿ" ಎಂದು ಕಟ್ಟಿಹಾಕಲೂ ಬೇಡಿ.

ಇಷ್ಟೆಲ್ಲ ಮಾಡಿಯೂ ಕೆಲವು ವಾರದಲ್ಲಿ ನಿದ್ದೆ, ಊಟ, ಓಡಾಟ ಸರಿಹೋಗದಿದ್ದರೆ ಮನೋವೈದ್ಯರನ್ನು ಕಾಣಿ. ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಜೀವವೇ ಬೇಡ ಅನಿಸುತ್ತಿದ್ದರೆ ವಾರ ಕಾಯಬೇಡಿ, ಇವತ್ತೇ ಮಾತಾಡಿ. ಮಾತ್ರೆ ಬರೆಯುವ ಮೊದಲು ಐಸಿಡಿ ಇದೆ ಎಂದು ಹೇಳಿ, ಈಗ ತಿನ್ನುತ್ತಿರುವ ಮಾತ್ರೆಗಳನ್ನೂ ತೋರಿಸಿ. ಸಿಟಲೋಪ್ರಾಂನಂಥ ಕೆಲವು ಮಾತ್ರೆಗಳು ಇಸಿಜಿಯಲ್ಲಿ ಕ್ಯೂಟಿ ಎಂಬ ಅವಧಿಯನ್ನು ಉದ್ದ ಮಾಡುತ್ತವೆ, ಅದರಿಂದ ಬಡಿತ ಹದ ತಪ್ಪಬಹುದು. ಹೃದಯದವರಿಗೆ ಹೆಚ್ಚಾಗಿ ಸರ್ಟ್ರಲಿನ್ ಆರಿಸುತ್ತಾರೆ. ಅದೂ ಹಿಡಿಯಲು ಎರಡರಿಂದ ಆರು ವಾರ ಬೇಕು, ಮೊದಲ ವಾರವೇ ಪರಿಣಾಮ ಕಾಣಲಿಲ್ಲವೆಂದು ನಿಲ್ಲಿಸಬೇಡಿ.