ಬಿಡುಗಡೆಯಾದ ಸಂಜೆಯೇ ಓದುಗರ ಕೈಗೆ

ಕೇಳುಗ ಬಂಧುಗಳೇ, ನಮಸ್ಕಾರ.

ನಮ್ಮ ಮಲೆನಾಡಿನಲ್ಲಿ ಪುಸ್ತಕ ಬಿಡುಗಡೆಯ ಸಮಾರಂಭಗಳಿಗೆ ಎಂದೂ ಬರ ಬಂದದ್ದಿಲ್ಲ. 1930ರಲ್ಲಿ ಹುಟ್ಟಿದ ಶಿವಮೊಗ್ಗದ ಕರ್ನಾಟಕ ಸಂಘ ಇಂದಿಗೂ ಸಾಹಿತ್ಯದ ಕಾರ್ಯಕ್ರಮಗಳನ್ನು ನಡೆಸುತ್ತ, ಹೊಸ ಪುಸ್ತಕಗಳಿಗೆ ಬಹುಮಾನ ಕೊಡುತ್ತ ಬಂದಿದೆ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಆರಂಭವಾದ ನೀನಾಸಮ್, ನಾಟಕದ ಜೊತೆಜೊತೆಗೆ ಓದು ಮತ್ತು ಚರ್ಚೆಗಳನ್ನೂ ಒಂದು ಹಳ್ಳಿಯ ದಿನನಿತ್ಯದ ಬದುಕಿಗೆ ಒಗ್ಗಿಸಿತು. 1967ರ ಜ್ಞಾನಪೀಠ ಪಡೆದ ಕುವೆಂಪು, 1994ರ ಜ್ಞಾನಪೀಠ ಪಡೆದ ಯು. ಆರ್. ಅನಂತಮೂರ್ತಿ ಇಬ್ಬರೂ ತೀರ್ಥಹಳ್ಳಿ ತಾಲ್ಲೂಕಿನ ಮಣ್ಣಿನಲ್ಲಿ ಬೆಳೆದವರು. ಇಂಥ ಸೀಮೆಯಲ್ಲಿ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯ ತಾನೂ ಪುಸ್ತಕ ಬಿಡುಗಡೆ ಮಾಡುತ್ತೇನೆ, ಲೇಖಕರೊಡನೆ ಸಂವಾದ ನಡೆಸುತ್ತೇನೆ ಎಂದು ಹೊರಟರೆ, ಊರಿನ ಸಭಾಭವನದಲ್ಲಿ ಆಗದ ಯಾವ ಕೆಲಸ ಅಲ್ಲಿ ಆಗಬೇಕು ಎಂಬುದು ಈ ಹೊತ್ತಿನ ನನ್ನ ಮಾತಿನ ವಿಷಯ.

ಸಭಾಭವನದ ಕ್ರಮ ನಮಗೆಲ್ಲ ಗೊತ್ತಿರುವಂಥದ್ದೇ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು. ಬಣ್ಣದ ಕಾಗದದಲ್ಲಿ ಸುತ್ತಿ ರಿಬ್ಬನ್ ಕಟ್ಟಿದ ಪ್ರತಿಗಳನ್ನು ತಟ್ಟೆಯಲ್ಲಿಟ್ಟು ತರುವುದು. ವೇದಿಕೆಯಲ್ಲಿದ್ದ ಗಣ್ಯರೆಲ್ಲ ರಕ್ಷಾಪುಟ ಸಭೆಗೆ ಕಾಣುವಂತೆ ಎದೆಯ ಮಟ್ಟಕ್ಕೆ ಹಿಡಿದು ನಿಲ್ಲುವುದು. ಆಮೇಲೆ ಕೃತಿ ಪರಿಚಯ, ಸನ್ಮಾನ, ಅಧ್ಯಕ್ಷರ ನುಡಿ, ವಂದನಾರ್ಪಣೆ. ಈ ಗೌರವದ ಕ್ರಮಗಳ ಬಗ್ಗೆ ನನಗೆ ತಕರಾರಿಲ್ಲ. ವರ್ಷಗಟ್ಟಲೆ ಕೂತು ಬರೆದವರಿಗೆ ಒಂದು ಶಾಲು, ಒಂದು ಹಾರ ಸಲ್ಲುವುದು ನ್ಯಾಯವೇ. ಆದರೆ ಆ ಸಭೆಯಲ್ಲಿ ಪುಸ್ತಕವನ್ನು ಓದಿದವರು ಸಾಮಾನ್ಯವಾಗಿ ಇಬ್ಬರೇ ಇರುತ್ತಾರೆ, ಬರೆದವರು ಮತ್ತು ಪರಿಚಯಿಸುವವರು. ಉಳಿದವರೆಲ್ಲ ಆ ದಿನ ಮೊದಲ ಬಾರಿಗೆ ಪುಸ್ತಕದ ಮುಖ ನೋಡುವವರು. ಹೀಗಿರುವಾಗ ಪ್ರಶ್ನೋತ್ತರಕ್ಕೆ ಸಮಯ ಇಟ್ಟರೂ ಪ್ರಶ್ನೆಗಳು ಪುಸ್ತಕದ ಒಳಗಿನಿಂದ ಹುಟ್ಟುವುದಿಲ್ಲ. ನಿಮಗೆ ಪ್ರೇರಣೆ ಯಾರು, ಬರವಣಿಗೆಗೆ ಹೇಗೆ ಬಂದಿರಿ ಎಂಬಲ್ಲಿಗೆ ಮಾತು ನಿಂತುಬಿಡುತ್ತದೆ.

ಗ್ರಂಥಾಲಯಕ್ಕೆ ಈ ಕೊರತೆಯನ್ನು ತುಂಬುವ ಶಕ್ತಿ ಇದೆ, ಏಕೆಂದರೆ ಪುಸ್ತಕವನ್ನು ಮೊದಲೇ ತರಿಸಿ, ಮೊದಲೇ ಎರವಲು ಕೊಟ್ಟು, ಓದಿದವರನ್ನೇ ಸಭೆಗೆ ಕರೆಯಲು ಅದಕ್ಕೆ ಸಾಧ್ಯ. ಬಿಡುಗಡೆಗೆ ಮುನ್ನವೇ ಎರವಲು ಕೊಡುವುದು ಹೇಗೆ ಎಂದು ನೀವು ಕೇಳಬಹುದು. ಬಿಡುಗಡೆಯ ದಿನವನ್ನೂ ಸಂವಾದದ ದಿನವನ್ನೂ ಒಂದೇ ಮಾಡದೆ, ನಡುವೆ ಮೂರು ನಾಲ್ಕು ವಾರ ಬಿಟ್ಟರೆ ಸಾಕು. ಬಿಡುಗಡೆ ಚಿಕ್ಕದಾಗಿರಲಿ, ಅರ್ಧ ಗಂಟೆಯಲ್ಲಿ ಮುಗಿಯಲಿ. ಸಂವಾದಕ್ಕೆ ಒಂದು ಇಡೀ ಮಧ್ಯಾಹ್ನ ಸಿಗಲಿ. ಇದು ಸುಲಭದ ಏರ್ಪಾಡೇನಲ್ಲ. ಲೇಖಕರು ಎರಡು ಸಲ ಬರಬೇಕಾಗುತ್ತದೆ, ಪ್ರಯಾಣದ ಖರ್ಚು ಎರಡಾಗುತ್ತದೆ. ಆದರೂ ಒಂದೇ ದಿನದ ಎರಡು ಕಾರ್ಯಕ್ರಮಗಳಿಗಿಂತ ಎರಡು ದಿನದ ಒಂದು ಕಾರ್ಯಕ್ರಮ ಮೇಲು ಎಂದೇ ನಾನು ಹೇಳುತ್ತೇನೆ.

ಹೀಗೆ ಮೊದಲೇ ಓದಿ ಬಂದವರ ಒಂದು ಸಂವಾದದಲ್ಲಿ ನಾನು ಕುಳಿತಿದ್ದೆ. ಕಥಾಸಂಕಲನವೊಂದರ ಮೇಲೆ ಮಾತು ನಡೆದಿತ್ತು, ಲೇಖಕಿ ಎದುರಿಗಿದ್ದರು. ಹೊಸನಗರದ ಕಡೆಯ ಒಬ್ಬ ವಿದ್ಯಾರ್ಥಿನಿ ಪುಸ್ತಕದ ಪುಟ ತೆರೆದು ಹಿಡಿದುಕೊಂಡೇ ಎದ್ದು ನಿಂತಳು. "ಮೇಡಂ, ನಿಮ್ಮ ಕಥೆಯಲ್ಲಿ ಅಡಿಕೆ ಕೊಯ್ಯುವಾಗ ಕೊನೆಗಾರ ಒಬ್ಬನೇ ಇದ್ದಾನೆ. ನಮ್ಮಪ್ಪ ಕೆಳಗೆ ನಿಂತು ಹಗ್ಗ ಹಿಡಿಯುವವರು. ಮರದ ಮೇಲಿನವರು ಕೊನೆಯನ್ನು, ಅಂದರೆ ಅಡಿಕೆಯ ಗೊಂಚಲನ್ನು, ಹಗ್ಗದ ಮೇಲೆ ಬಿಡುತ್ತಾರೆ, ಅದು ಜಾರಿ ಬರುವಾಗ ಕೆಳಗಿನವರು ಹಿಡಿಯದಿದ್ದರೆ ನೆಲಕ್ಕೆ ಬಡಿದು ಅಡಿಕೆ ಎಲ್ಲ ಚದುರಿಹೋಗುತ್ತದೆ. ಆ ಮನುಷ್ಯ ಕಥೆಯಲ್ಲಿ ಯಾಕೆ ಇಲ್ಲ?" ಎಂದು ಕೇಳಿದಳು. ಲೇಖಕಿ ಉತ್ತರ ಕೊಡಲು ಅವಸರಪಡಲಿಲ್ಲ. "ಅದು ಹೇಗೆ ನಡೆಯುತ್ತದೆ, ಪೂರ್ತಿ ಹೇಳಮ್ಮ" ಎಂದರು. ಆ ಹುಡುಗಿ ಕೈಯಲ್ಲಿದ್ದ ಪುಸ್ತಕವನ್ನು ಕುರ್ಚಿಯ ಮೇಲಿಟ್ಟು, ಎರಡೂ ಕೈಗಳಲ್ಲಿ ಹಗ್ಗ ಬಿಗಿ ಹಿಡಿಯುವುದನ್ನು, ಮೇಲಿನಿಂದ ಕೂಗು ಬಂದಾಗ ಕಾಲು ಊರಿ ನಿಲ್ಲುವುದನ್ನು ತೋರಿಸುತ್ತಲೇ ಹೇಳಿದಳು. ಲೇಖಕಿ ತಮ್ಮ ಪ್ರತಿಯ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳುತ್ತ ಹೋದರು. ಅಲ್ಲಿಂದ ಮಾತು ದುಡಿಯುವವರಲ್ಲಿ ಯಾರು ಕಥೆಗೆ ಬರುತ್ತಾರೆ, ಯಾರು ಬರುವುದಿಲ್ಲ ಎಂಬ ಕಡೆಗೆ ತಿರುಗಿತು. ಅದುವರೆಗೆ ಸುಮ್ಮನಿದ್ದ ವಾಣಿಜ್ಯ ವಿಭಾಗದ ಹುಡುಗರೂ ಸೇರಿಕೊಂಡರು. ವಿಮರ್ಶೆಯ ಪರಿಭಾಷೆ ಒಂದೂ ಬಳಕೆಯಾಗದ ಆ ಚರ್ಚೆಯಲ್ಲಿ ವಿಮರ್ಶೆ ನಡೆಯಿತು. ಹಾಸ್ಟೆಲಿನಲ್ಲಿ ಪುಸ್ತಕ ಕೈಯಿಂದ ಕೈಗೆ ಓಡಾಡಿದ್ದರಿಂದಲೇ ಇದು ಆದದ್ದು.

ಇನ್ನು ಗ್ರಂಥಾಲಯದ ಒಳಗಿನ ಕೆಲಸದ ಮಾತಿಗೆ ಬರುತ್ತೇನೆ. ಹೊಸ ಪುಸ್ತಕವೊಂದು ಕಪಾಟಿಗೆ ಬರುವ ಮುನ್ನ ದಾಟಬೇಕಾದ ಹಂತಗಳು ಹಲವು. ಶಿಫಾರಸು, ಸಮಿತಿಯ ಒಪ್ಪಿಗೆ, ಖರೀದಿ ಆದೇಶ, ಬಿಲ್ಲು, ಬಂದ ಪುಸ್ತಕಗಳ ಲೆಕ್ಕವಿಡುವ ಪರಿಗ್ರಹಣ ವಹಿಯಲ್ಲಿ ನೋಂದಣಿ, ವರ್ಗೀಕರಣ, ಗ್ರಂಥಾಲಯದ ಪುಸ್ತಕಗಳ ಪಟ್ಟಿಯಾದ ಸೂಚಿಗೆ ಸೇರ್ಪಡೆ, ಬೆನ್ನಿಗೆ ಚೀಟಿ, ಬಾರ್‌ಕೋಡ್. ಎಷ್ಟೋ ಕಡೆ ಇದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಹಾಗಾಗಿ ಗ್ರಂಥಾಲಯದಲ್ಲೇ ಬಿಡುಗಡೆಯಾದ ಪುಸ್ತಕ ಅದೇ ಗ್ರಂಥಾಲಯದಲ್ಲಿ ಎರವಲಿಗೆ ಸಿಗದೆ, ಆಸೆಯಿಂದ ಕೇಳಲು ಬಂದ ವಿದ್ಯಾರ್ಥಿ "ಇನ್ನೂ ಪ್ರೊಸೆಸ್ ಆಗಿಲ್ಲ" ಎಂಬ ಉತ್ತರ ಕೇಳಿ ಹಿಂತಿರುಗುವುದುಂಟು. ಈ ಹಂತಗಳನ್ನೆಲ್ಲ ಸಮಾರಂಭಕ್ಕೆ ಮುನ್ನವೇ ಮುಗಿಸಿಬಿಟ್ಟರೆ? ಗಣ್ಯರು ಎತ್ತಿ ಹಿಡಿಯುವ ಪ್ರತಿಯ ಬೆನ್ನಿನ ಮೇಲೆಯೇ ವರ್ಗಸಂಖ್ಯೆಯ ಚೀಟಿ ಇರಲಿ. ಪುಸ್ತಕಗಳಿಗೆ ವಿಷಯವಾರು ಸಂಖ್ಯೆ ಕೊಡುವ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಕನ್ನಡ ಸಾಹಿತ್ಯಕ್ಕೆ 894.814 ಎಂಬ ಸಂಖ್ಯೆ; ಕಾದಂಬರಿ, ಕಥೆಗಳಾದರೆ ಅದರ ಕೊನೆಗೆ 3 ಸೇರುತ್ತದೆ. ಆ ಚೀಟಿ ಅಂಟಿಸಿದ ಪ್ರತಿಯನ್ನು ವಂದನಾರ್ಪಣೆ ಮುಗಿದ ಕೂಡಲೇ ಎರವಲು ಕೌಂಟರಿಗೆ ತಂದಿಟ್ಟು, ಮೊದಲು ಬಂದವರ ಹೆಸರಿಗೆ ಬರೆದುಕೊಟ್ಟರೆ, ಅಂದಿನ ಸಂಜೆಯೇ ಒಬ್ಬ ಓದುಗ ಅದನ್ನು ಮನೆಗೆ ಒಯ್ಯುತ್ತಾನೆ. ಒಂದೇ ಪ್ರತಿ ಸಾಲದು, ಐದಾರು ಬೇಕು. ಒಂದನ್ನು ಅಲ್ಲೇ ಕೂತು ಓದುವ ಆಕರ ವಿಭಾಗದಲ್ಲಿ ಕಾಯ್ದಿಟ್ಟು, ಉಳಿದವೆಲ್ಲ ಓಡಾಡುತ್ತಿರಲಿ.

ಎಸ್. ಆರ್. ರಂಗನಾಥನ್ ಅವರು ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿದ್ದಾಗ 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳನ್ನು ಗ್ರಂಥಾಲಯ ವಿಜ್ಞಾನ ಓದಿದವರೆಲ್ಲ ಬಾಯಿಪಾಠ ಹೇಳುತ್ತಾರೆ. ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕೆಂಬುದು ಎರಡನೆಯದು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕೆಂಬುದು ಮೂರನೆಯದು. ಎರಡನೆಯದಕ್ಕೆ ನಮ್ಮ ಗ್ರಂಥಾಲಯಗಳು ಸಾಕಷ್ಟು ದುಡಿದಿವೆ. ಮೂರನೆಯದರಲ್ಲಿ ಹಿಂದೆ ಬಿದ್ದಿವೆ ಎಂಬುದು ನನ್ನ ಅನಿಸಿಕೆ. ಪುಸ್ತಕ ಕಪಾಟಿನಲ್ಲಿ ಕಾಯುತ್ತ ಕೂರುವುದರಿಂದ ಈ ಸೂತ್ರ ನೆರವೇರುವುದಿಲ್ಲ. ಪುಸ್ತಕವನ್ನು ಓದುಗನಿದ್ದಲ್ಲಿಗೆ ಗ್ರಂಥಪಾಲಕರು ಕಳಿಸಬೇಕು. ಲೇಖಕರ ಸಂವಾದ ಅದಕ್ಕೆ ಇರುವ ದಾರಿಗಳಲ್ಲೆಲ್ಲ ಅತ್ಯಂತ ನೇರವಾದದ್ದು.

ಪುಸ್ತಕ ಉಳಿಯುವುದಕ್ಕೆ ಕಾನೂನಿದೆ. 1954ರ ಕಾಯಿದೆಯ ಪ್ರಕಾರ ಪ್ರಕಾಶಕರು ಪುಸ್ತಕ ಹೊರಬಂದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರು ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕಳಿಸಬೇಕು. ಆದರೆ ಸಾಗರದಲ್ಲೋ ಸೊರಬದಲ್ಲೋ ಸ್ವಂತ ದುಡ್ಡಿನಿಂದ ಪುಸ್ತಕ ಅಚ್ಚು ಹಾಕಿಸಿದ ಲೇಖಕರ ಪ್ರತಿಗಳು ದೊಡ್ಡ ಪುಸ್ತಕ ಸರಬರಾಜುದಾರರ ಪಟ್ಟಿಗಳಿಗೆ ಸೇರುವುದೇ ಅಪರೂಪ. ಅವರೇ ಕೈಚೀಲದಲ್ಲಿ ಹೊತ್ತು ತರುತ್ತಾರೆ. ಇಂಥವರನ್ನು ಕರೆದು, ಅವರ ಪುಸ್ತಕಗಳನ್ನು ಬೆಲೆ ಕೊಟ್ಟು ಕೊಳ್ಳುವುದನ್ನು ಗ್ರಂಥಾಲಯ ರೂಢಿ ಮಾಡಿಕೊಳ್ಳಬೇಕು. ಗೌರವ ಪ್ರತಿ ಕೊಡಿ ಎಂದು ಕೇಳುವ ಅಭ್ಯಾಸ ತಪ್ಪಬೇಕು. ಬರೆದವರಿಂದಲೇ ಪುಸ್ತಕವನ್ನು ಪುಕ್ಕಟೆ ಪಡೆದು, ಅವರಿಗೇ ಹಾರ ಹಾಕುವುದು ನನಗೆ ಸರಿಕಾಣುವುದಿಲ್ಲ.

ಸಂವಾದದ ಧ್ವನಿಮುದ್ರಣದ ಬಗ್ಗೆ ಬಾನುಲಿಯಲ್ಲಿ ಕುಳಿತು ಹೇಳದಿದ್ದರೆ ಹೇಗೆ? ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳು ಈಗ ಶೋಧಗಂಗಾ ಜಾಲತಾಣದಲ್ಲಿ ಸಿಗುತ್ತವೆ. ಒಬ್ಬ ಲೇಖಕರ ಮೇಲೆ ಸಂಶೋಧನೆ ಮಾಡುವವರಿಗೆ ಪ್ರಬಂಧ ಸಿಗುತ್ತದೆ, ಆ ಲೇಖಕರು ತಮ್ಮ ಓದುಗರ ಜೊತೆ ಆಡಿದ ಮಾತು ಸಿಗುವುದಿಲ್ಲ. ಒಂದು ಒಳ್ಳೆಯ ಮೈಕು ಸಾಕು. ಲೇಖಕರ ಒಪ್ಪಿಗೆ ಪಡೆದು, ಸಂವಾದವನ್ನು ಧ್ವನಿಮುದ್ರಿಸಿಕೊಂಡು, ದಿನಾಂಕ, ಕೃತಿ, ಮಾತನಾಡಿದವರ ವಿವರಗಳೊಂದಿಗೆ ಗ್ರಂಥಾಲಯದ ಸೂಚಿಯಲ್ಲಿ ಆ ಪುಸ್ತಕದ ನಮೂದಿಗೇ ಜೋಡಿಸಿಟ್ಟರೆ, ಇಪ್ಪತ್ತು ವರ್ಷದ ನಂತರ ಬರುವ ವಿದ್ಯಾರ್ಥಿಗೆ ಅದು ಆಕರವಾಗುತ್ತದೆ. ಲೇಖಕರು ಒಪ್ಪಿದರೆ ಕೈಬರಹದ ಪ್ರತಿಯನ್ನೂ ಕೇಳಿ ಪಡೆಯಬಹುದು. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿಗಳನ್ನು ಕಾಪಾಡಿಕೊಂಡು ಬಂದ ಜಿಲ್ಲೆ ನಮ್ಮದು. ಈ ಕಾಲದವರ ಕರಡುಗಳಿಗೂ ಒಂದು ಕಪಾಟು ಬೇಕು.

ಸಮಯದ ವಿಚಾರ ಸಣ್ಣದೆಂದು ತೋರಬಹುದು, ಮಲೆನಾಡಿನಲ್ಲಿ ಅದು ಸಣ್ಣದಲ್ಲ. ಕುವೆಂಪು ವಿಶ್ವವಿದ್ಯಾಲಯದ ಜ್ಞಾನಸಹ್ಯಾದ್ರಿ ಆವರಣ ಇರುವುದು ಭದ್ರಾ ಅಣೆಕಟ್ಟೆಯ ಸಮೀಪದ ಶಂಕರಘಟ್ಟದಲ್ಲಿ, ಶಿವಮೊಗ್ಗ ನಗರದಿಂದ ಸಾಕಷ್ಟು ದೂರ. ಸಂಜೆ ಐದೂವರೆಗೆ ಕಾರ್ಯಕ್ರಮ ಇಟ್ಟರೆ ಊರಿನ ಓದುಗರು ಬರಲಾರರು, ಬಂದರೂ ಬಸ್ಸಿನ ಗಡಿಬಿಡಿಯಲ್ಲಿ ನಡುವೆಯೇ ಏಳುತ್ತಾರೆ. ಮಧ್ಯಾಹ್ನ ಎರಡೂವರೆಗೆ ಆರಂಭವಾಗಲಿ. ಜುಲೈ, ಆಗಸ್ಟಿನ ಮಳೆಯಲ್ಲಿ ಹೊರಗಿನವರು ಬರುವುದು ಕಷ್ಟವಾದ್ದರಿಂದ ಆಗ ಹಾಸ್ಟೆಲಿನ ವಿದ್ಯಾರ್ಥಿಗಳಿಗಾಗಿ ವಾಚನಾಲಯದಲ್ಲೇ ಚಿಕ್ಕ ಓದುಗೂಟಗಳನ್ನು ನಡೆಸಿ, ದೊಡ್ಡ ಸಂವಾದಗಳನ್ನು ಚಳಿಗಾಲಕ್ಕೆ ಇಟ್ಟುಕೊಳ್ಳಬಹುದು. ನವೆಂಬರ್ 14ರಿಂದ 20ರವರೆಗಿನ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹದಲ್ಲಿ ಎಲ್ಲವನ್ನೂ ತುರುಕುವುದು ಬೇಡ. ಆ ತಿಂಗಳು ರಾಜ್ಯೋತ್ಸವದ ಕಾರ್ಯಕ್ರಮಗಳೂ ಇರುತ್ತವೆ, ತೋಟದ ಮನೆಗಳಲ್ಲಿ ಅಡಿಕೆ ಸುಲಿಯುವ ಕೆಲಸವೂ ಇರುತ್ತದೆ.

ಕೊನೆಯದಾಗಿ, ಈ ಮಾತನ್ನು ಕೇಳುತ್ತಿರುವ ನಿಮ್ಮಲ್ಲಿ ಒಂದು ವಿನಂತಿ. ನಿಮ್ಮ ಊರಿನವರು ಯಾರಾದರೂ ಪುಸ್ತಕ ಬರೆದಿದ್ದರೆ, ಅದು ಕಥೆ ಕವಿತೆಯೇ ಆಗಬೇಕೆಂದಿಲ್ಲ, ತೋಟಗಾರಿಕೆಯದೋ ಊರಿನ ಇತಿಹಾಸದ್ದೋ ಆಗಿರಬಹುದು, ಅದರ ಹೆಸರು, ಪ್ರಕಾಶಕರು, ಬೆಲೆ, ಪ್ರಕಟವಾದ ವರ್ಷ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಹತ್ತಿರದ ಕಾಲೇಜಿನ ಅಥವಾ ವಿಶ್ವವಿದ್ಯಾಲಯದ ಗ್ರಂಥಪಾಲಕರಿಗೆ ಕಳಿಸಿ. ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರಕ್ಕೂ ಒಂದು ಪ್ರತಿ ತರಿಸುವಂತೆ ಕೇಳಿ. ಗ್ರಂಥಾಲಯದಲ್ಲಿ ಸಂವಾದ ಏರ್ಪಾಡಾದರೆ, ಪುಸ್ತಕ ಓದಿಕೊಂಡೇ ಬನ್ನಿ.

ನಮಸ್ಕಾರ.