ಫಾರ್ಮಿಂಗ್ ಸಿಮ್ಯುಲೇಟರ್ 15, 17, 19, 22, 25: ಕೊಡಗಿನ ಗದ್ದೆ ಬದುವಿನ ಮೇಲೆ ನಿಂತು ನೋಡಿದ್ರೆ ಯಾವ್ದು ಬೆಸ್ಟು?

(ಸ್ಕ್ರೀನ್ ಮೇಲೆ: ಗೇಮ್‌ನ ಭತ್ತದ ಗದ್ದೆ, ನೀರು ತುಂಬಿದೆ, ನಾಟಿ ಮಷಿನ್ ನಿಧಾನಕ್ಕೆ ಹೋಗ್ತಿದೆ)

ಎಲ್ರಿಗೂ ನಮಸ್ಕಾರ. ಸ್ಕ್ರೀನ್ ಮೇಲೆ ಕಾಣ್ತಿರೋದು ಗೇಮು, ಹಿಂದೆ ಕೇಳ್ತಿರೋ ಮಳೆ ಸೌಂಡ್ ಮಾತ್ರ ನಿಜವಾದ್ದು, ಗೋಣಿಕೊಪ್ಪದ ಹತ್ರ ನಮ್ಮನೆ, ಜುಲೈ ತಿಂಗ್ಳು, ಬೆಳಗ್ಗೆಯಿಂದ ಹಂಚಿನ ಮೇಲೆ ಬಿಟ್ಟೂ ಬಿಡದೆ ಸುರೀತಾ ಇದೆ, ಕರೆಂಟ್ ಇರೋವಾಗ್ಲೇ ರೆಕಾರ್ಡ್ ಮಾಡ್ಬಿಡೋಣ ಅಂತ ಕೂತಿದೀನಿ.

ಇವತ್ತಿನ ವಿಷ್ಯ, ಫಾರ್ಮಿಂಗ್ ಸಿಮ್ಯುಲೇಟರ್ ಸೀರೀಸ್‌ನಲ್ಲಿ ಯಾವ ಗೇಮು ಬೆಸ್ಟು ಅನ್ನೋದು. ಸ್ವಿಟ್ಜರ್ಲೆಂಡ್‌ನ ಜಯಂಟ್ಸ್ ಸಾಫ್ಟ್‌ವೇರ್ ಅನ್ನೋ ಕಂಪನಿ 2008ರಲ್ಲಿ ಮೊದಲ್ನೇದನ್ನ ಬಿಟ್ಟಿದ್ದು, ಆಮೇಲೆ ಎರಡ್ಮೂರು ವರ್ಷಕ್ಕೊಂದು ದೊಡ್ಡದು ಬರ್ತಾನೇ ಇದೆ. ಹೋಲಿಕೆ ಮಾಡೋರು ಸಾಮಾನ್ಯವಾಗಿ ಎಷ್ಟು ಟ್ರ್ಯಾಕ್ಟರ್ ಇದೆ, ಗ್ರಾಫಿಕ್ಸ್ ಹೆಂಗಿದೆ, ಮ್ಯಾಪ್ ಎಷ್ಟು ದೊಡ್ದು ಅಂತ ನೋಡ್ತಾರೆ. ನಾನು ನೋಡೋದು ಒಂದೇ, ಗೇಮು ನನ್ನನ್ನ ಎಷ್ಟು ಕಾಯೋ ಹಾಗೆ ಮಾಡತ್ತೆ ಅಂತ, ಯಾಕಂದ್ರೆ ನಾವು ಕಾಫಿ ಬೆಳೆಯೋರು ವರ್ಷದಲ್ಲಿ ಅರ್ಧ ಭಾಗ ಆಕಾಶ ನೋಡ್ಕೊಂಡೇ ಇರ್ತೀವಿ. ಮಾರ್ಚ್ ಏಪ್ರಿಲ್‌ನಲ್ಲಿ ಹೂ ಮಳೆ ಬರ್ಬೇಕು, ಬಂದು ಒಂದು ವಾರ ಹತ್ತು ದಿನಕ್ಕೆ ತೋಟ ಬೆಳ್ಳಗೆ ಹೂ ಬಿಡತ್ತೆ, ಆಮೇಲೆ ಬ್ಯಾಕಿಂಗ್ ಮಳೆ ಬರ್ಬೇಕು, ಅದು ತಪ್ಪಿದ್ರೆ ಕಾಯಿ ನಿಲ್ಲಲ್ಲ. ಪಕ್ಕದ್ಮನೆಯವ್ರು ಫೋನ್ ಮಾಡಿ ಮೊದ್ಲು ಕೇಳೋದೇ "ನಿಮ್ಗೆ ಎಷ್ಟು ಸೆಂಟ್ಸ್ ಬಂತು" ಅಂತ. ಸೆಂಟ್ಸ್ ಅಂದ್ರೆ ಇಲ್ಲಿ ಮಳೆಯ ಅಳತೆ. ಈ ಕಾಯೋದು ಇಲ್ದಿದ್ರೆ ಅದು ಗಾಡಿ ಓಡ್ಸೋ ಗೇಮ್ ಅಷ್ಟೇ ಆಗತ್ತೆ, ಬೇಸಾಯದ ಗೇಮ್ ಅನ್ಸಲ್ಲ ನಂಗೆ.

ನಾನು ಇದಕ್ಕೆ ಹೇಗೆ ಬಂದೆ ಅಂತ ಹೇಳ್ಬಿಡ್ತೀನಿ. 2018ರ ಆಗಸ್ಟ್ ನಿಮ್ಗೆಲ್ಲ ನೆನಪಿರತ್ತೆ, ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರ ಆ ಕಡೆಯೆಲ್ಲ ಗುಡ್ಡ ಜಾರಿದ್ದು. ನಮ್ಮ ದೊಡ್ಡಮ್ಮನ ಮನೆ ಆ ಕಡೆನೇ. ಮನೆ ಉಳೀತು, ಆದ್ರೆ ನಾಟಿ ಮಾಡಿ ಒಂದು ತಿಂಗ್ಳೂ ಆಗದ ಗದ್ದೆ ಮೇಲೆ ಕೆಂಪು ಮಣ್ಣು ಬಂದು ಕೂತ್ಬಿಡ್ತು, ಬದು ಎಲ್ಲಿತ್ತು ಅಂತಾನೂ ಗೊತ್ತಾಗ್ತಿರ್ಲಿಲ್ಲ. ಅವ್ರೆಲ್ಲ ಸ್ವಲ್ಪ ದಿನ ನಮ್ಮನೇಲಿ ಇದ್ರು, ದೊಡ್ಡಮ್ಮನ ಮಗ ಲ್ಯಾಪ್‌ಟಾಪ್ ಒಂದನ್ನ ಬ್ಯಾಗಲ್ಲಿ ಹಾಕ್ಕೊಂಡು ಬಂದಿದ್ದ, ಅದ್ರಲ್ಲಿ ಫಾರ್ಮಿಂಗ್ ಸಿಮ್ಯುಲೇಟರ್ 17 ಇತ್ತು. ರಾತ್ರಿ ನಿದ್ದೆ ಬರದಾಗ ಅವ್ನು ಗೋಧಿ ಬಿತ್ತೋನು, ನಾನು ಪಕ್ಕ ಕೂತು ನೋಡೋನು. ಮಾತು ಜಾಸ್ತಿ ಇರ್ತಿರ್ಲಿಲ್ಲ. ಸಾಲು ಸಾಲಾಗಿ ಹಸಿರು ಏಳೋದನ್ನ ನೋಡ್ತಾ ಇಬ್ರೂ ಸುಮ್ನೆ ಕೂತಿರ್ತಿದ್ವಿ.

ಆ 17 ಬಂದಿದ್ದು 2016ರ ಅಕ್ಟೋಬರ್‌ನಲ್ಲಿ. ಸೂರ್ಯಕಾಂತಿ, ಸೋಯಾಬೀನ್, ಹಂದಿ, ಓಡಿಸ್ಬಹುದಾದ ರೈಲು ಇವೆಲ್ಲ ಅದ್ರಲ್ಲಿ ಬಂತು, ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಇರೋರಿಗೂ ಮಾಡ್, ಅಂದ್ರೆ ಆಡೋರೇ ಮಾಡಿ ಹಂಚೋ ಎಕ್ಸ್‌ಟ್ರಾ ಭಾಗ, ಹಾಕ್ಕೊಳೋಕೆ ಆಯ್ತು. ಅದಕ್ಕಿಂತ ಹಿಂದಿನ 15ರಲ್ಲಿ ಮರ ಕಡಿಯೋ ಕೆಲ್ಸ ಹೊಸದಾಗಿ ಬಂದಿತ್ತು, ಚೈನ್‌ಸಾ ಹಿಡ್ಕೊಂಡು ಮರ ಬೀಳ್ಸಿ ದಿಮ್ಮಿ ಮಾಡಿ ಮಾರೋದು. ಸಿಲ್ವರ್ ಓಕ್ ಮಧ್ಯೆ ಬೆಳೆದವನಿಗೆ ಅದು ಖುಷಿ ಕೊಡತ್ತೆ, ಆದ್ರೆ ಇಲ್ಲಿ ಒಂದೊಂದು ಮರಕ್ಕೂ ಕರಿಮೆಣಸಿನ ಬಳ್ಳಿ ಹಬ್ಬಿರತ್ತೆ, ಕೆಳಗೆ ಕಾಫಿ ಗಿಡಕ್ಕೆ ನೆರಳು ಬೇಕಿರತ್ತೆ, ಮರ ಬೀಳ್ಸೋ ಮುಂಚೆ ಯೋಚ್ನೆ ಮಾಡೋದು ಎಷ್ಟೋ ಇರತ್ತೆ. 15ರಲ್ಲಿ ಆ ಯೋಚ್ನೆ ಇಲ್ಲ. 15, 17 ಎರಡ್ರಲ್ಲೂ ದೊಡ್ಡ ಕೊರತೆ ಒಂದೇ, ಯಾವಾಗ ಬೇಕಾದ್ರೂ ಬಿತ್ತಬಹುದು, ವರ್ಷ ಅನ್ನೋದೇ ಇಲ್ಲ.

19 ಬಂದಿದ್ದು ಅದೇ 2018ರ ನವೆಂಬರ್‌ನಲ್ಲಿ. ಜಾನ್ ಡಿಯರ್ ಮೊದಲ್ನೇ ಸಲ ಬಂತು ಅಂತ ಎಲ್ರೂ ಅದನ್ನೇ ಮಾತಾಡಿದ್ರು, ಕುದುರೆ ಬಂತು, ಹತ್ತಿ ಬಂತು, ಓಟ್ಸ್ ಬಂತು. ನಂಗೆ ಹಿಡಿಸಿದ್ದು ಕಳೆ. ಹೌದು, ಕಳೆ! ಗದ್ದೆಯಲ್ಲಿ ಕಳೆ ಏಳತ್ತೆ, ಕಿತ್ತಿಲ್ಲ ಅಂದ್ರೆ ಇಳುವರಿ ಕಮ್ಮಿ ಆಗತ್ತೆ. ಜೊತೆಗೆ ಸುಣ್ಣ ಹಾಕೋದು ಬಂತು, ಆಮೇಲೆ 2020ರಲ್ಲಿ ಪ್ರಿಸಿಶನ್ ಫಾರ್ಮಿಂಗ್ ಅಂತ ಒಂದು ಡಿಎಲ್‌ಸಿ, ಅಂದ್ರೆ ಗೇಮ್‌ಗೆ ಆಮೇಲೆ ಸೇರ್ಸ್ಕೊಳೋ ಭಾಗ, ಫ್ರೀಯಾಗಿ ಕೊಟ್ರು. ಇದ್ರ ಬಗ್ಗೆ ಸ್ವಲ್ಪ ನಿಲ್ತೀನಿ, ಯಾಕಂದ್ರೆ ಇದು ನಂಗೆ ತೋಟದಲ್ಲೇ ಉಪಯೋಗಕ್ಕೆ ಬಂತು. ಅದ್ರಲ್ಲಿ ಹೊಲದ ಬೇರೆ ಬೇರೆ ಜಾಗದಿಂದ ಮಣ್ಣಿನ ಸ್ಯಾಂಪಲ್ ತೆಗೀಬೇಕು, ಪಿಎಚ್ ಎಷ್ಟು, ನೈಟ್ರೋಜನ್ ಎಷ್ಟು ಅಂತ ಮ್ಯಾಪ್ ಮೇಲೆ ಬಣ್ಣದಲ್ಲಿ ಬರತ್ತೆ, ಒಂದೇ ಹೊಲದಲ್ಲಿ ಒಂದು ಮೂಲೆಗೆ ಜಾಸ್ತಿ ಸುಣ್ಣ ಬೇಕು ಇನ್ನೊಂದು ಮೂಲೆಗೆ ಬೇಡ್ವೇ ಬೇಡ ಅಂತ ತೋರ್ಸತ್ತೆ. ನಮ್ದು ಹುಳಿ ಮಣ್ಣು, ಇಷ್ಟು ಮಳೆ ಬೀಳೋ ಕಡೆ ಮಣ್ಣಿನ ಸಾರ ಎಲ್ಲ ತೊಳ್ಕೊಂಡು ಹೋಗತ್ತೆ, ಅದಕ್ಕೆ ತೋಟಕ್ಕೆ ಸುಣ್ಣ ಹಾಕೋದು ಹಿಂದಿನಿಂದ್ಲೂ ಇದೆ. ನಮ್ಮಪ್ಪ ಇಡೀ ತೋಟಕ್ಕೆ ಒಂದೇ ಅಳತೇಲಿ ಹಾಕ್ಸೋರು. ಆ ಗೇಮ್ ಆಡಿದ್ಮೇಲೆ ನಾನು ಹಟ ಮಾಡಿ ಮೇಲಿನ ಬ್ಲಾಕ್‌ದು ಬೇರೆ, ಹೊಳೆ ಬದಿದು ಬೇರೆ ಅಂತ ಮಣ್ಣು ಟೆಸ್ಟ್‌ಗೆ ಕಳ್ಸಿದೆ, ಎರಡೂ ರಿಪೋರ್ಟ್ ಬೇರೆ ಬೇರೆನೇ ಬಂತು, ಈಗ ಅಪ್ಪಾನೇ "ಹೊಳೆ ಬದಿಗೆ ಈ ಸಲ ಬೇಡ" ಅಂತಾರೆ.

(ಸ್ಕ್ರೀನ್ ಮೇಲೆ: 22ರ ಬೆಳೆ ಕ್ಯಾಲೆಂಡರ್)

ಈಗ 22. ಬಂದಿದ್ದು 2021ರ ನವೆಂಬರ್, ಮೊದಲ್ನೇ ವಾರದಲ್ಲೇ 15 ಲಕ್ಷ ಕಾಪಿ ಮಾರಾಟ ಆಯ್ತು. ಸೀರೀಸ್ ನಿಜವಾಗ್ಲೂ ಬೇಸಾಯ ಆಗಿದ್ದು ಇಲ್ಲೇ ಅಂತ ನನ್ನ ನಂಬಿಕೆ, ಯಾಕಂದ್ರೆ ಋತು ಬಂತು. ಇದಕ್ಕಿಂತ ಮುಂಚೆ 17ಕ್ಕೂ 19ಕ್ಕೂ ಆಡೋರೇ ಸೇರ್ಕೊಂಡು ಸೀಸನ್ಸ್ ಅಂತ ಮಾಡ್ ಮಾಡಿದ್ರು, ಅಷ್ಟು ಜನ ಅದನ್ನ ಹಾಕ್ಕೊಂಡು ಆಡಿದ್ಮೇಲೆ 22ರಲ್ಲಿ ಗೇಮ್ ಒಳಗೇ ಬಂತು. ಯಾವ ತಿಂಗ್ಳು ಏನು ಬಿತ್ತಬಹುದು, ಯಾವಾಗ ಕೊಯ್ಬಹುದು ಅಂತ ಕ್ಯಾಲೆಂಡರ್ ಇದೆ, ತಿಂಗ್ಳು ತಪ್ಪಿದ್ರೆ ಮುಂದಿನ ವರ್ಷಾನೇ. ಸುಮ್ನೆ ಬಿಟ್ರೆ ಒಂದು ತಿಂಗ್ಳು ಅಂದ್ರೆ ಒಂದು ದಿನ, ಸೆಟ್ಟಿಂಗ್‌ನಲ್ಲಿ 28 ದಿನದ ತನಕ ಎಳೀಬಹುದು. ನಾನು ಮೂರು ದಿನ ಇಟ್ಕೊಂಡು ಆಡ್ತೀನಿ, ನೀವೂ ಮೂರಕ್ಕಿಂತ ಕಮ್ಮಿ ಇಡ್ಬೇಡಿ, ಒಂದೇ ದಿನ ಇಟ್ರೆ ಓಡೋದ್ರಲ್ಲೇ ಆಯ್ತು.

22ರಲ್ಲಿ ನಮ್ಗೆ ಹತ್ತಿರ ಆಗೋದು ಇನ್ನೊಂದಿದೆ, ದ್ರಾಕ್ಷಿ ಮತ್ತೆ ಆಲಿವ್. ಗೋಧಿ ಜೋಳ ಆದ್ರೆ ಕೊಯ್ದ ಮೇಲೆ ಹೊಲ ಖಾಲಿ, ದ್ರಾಕ್ಷಿ ಹಾಗಲ್ಲ, ಸಾಲು ಹಾಕಿದ್ರೆ ಅದು ಅಲ್ಲೇ ಇರತ್ತೆ, ವರ್ಷ ವರ್ಷ ಕತ್ತರಿಸ್ಬೇಕು, ಸಾಲಿನ ಮಧ್ಯದ ಮಣ್ಣು ಹದ ಮಾಡ್ಬೇಕು, ಅದೇ ಗಿಡದ ಹತ್ರ ತಿರ್ಗಾ ಹೋಗ್ಬೇಕು. ಕೊಯ್ಲಾದ್ಮೇಲೆ ಕಾಫಿ ಗಿಡಕ್ಕೆ ಚಿಗುರು ತೆಗ್ಯೋದು, ಒಣಗಿದ ರೆಕ್ಕೆ, ಅಂದ್ರೆ ಪಕ್ಕದ ಕೊಂಬೆ, ಕತ್ತರಿಸೋದು ಮಾಡಿದವ್ರಿಗೆ ಇದು ಕೈಗೆ ಗೊತ್ತಿರೋ ಕೆಲ್ಸ. ಆಮೇಲೆ ಜೇನು ಪೆಟ್ಟಿಗೆ! ಪೆಟ್ಟಿಗೆ ಇಟ್ರೆ ಜೇನೂ ಸಿಗತ್ತೆ, ಹತ್ರದ ಸೂರ್ಯಕಾಂತಿ ಇಳುವರೀನೂ ಏರತ್ತೆ. ನಮ್ಮಲ್ಲಿ ರೊಬಸ್ಟಾ ಕಾಫಿಗೆ ಪರಾಗಸ್ಪರ್ಶ ಬೇಕೇ ಬೇಕು, ಅರೇಬಿಕಾ ತನ್ನಷ್ಟಕ್ಕೆ ತಾನೇ ಕಾಯಿ ಕಟ್ಟತ್ತೆ, ರೊಬಸ್ಟಾ ಹಾಗೆ ಕಟ್ಟಲ್ಲ, ಜೇನು ಬರ್ಬೇಕು ಗಾಳಿ ಬರ್ಬೇಕು. ಸ್ವಿಟ್ಜರ್ಲೆಂಡ್‌ನಲ್ಲಿ ಕೂತು ಗೇಮ್ ಮಾಡೋರು ಜೇನಿನ ಈ ಲೆಕ್ಕಾನ ಒಳಗೆ ತಂದಿದಾರಲ್ಲ, ಅದು ನಂಗೆ ತುಂಬಾ ಇಷ್ಟ ಆಯ್ತು.

ಹಿಟ್ಟು ಮಾಡಿ ಬ್ರೆಡ್ ಮಾಡಿ ಮಾರೋ ಫ್ಯಾಕ್ಟರಿ ಸಿಸ್ಟಮ್ಮೂ 22ರಲ್ಲೇ ಬಂದಿದ್ದು, ಚೆನ್ನಾಗಿದೆ, ಕಾಫಿ ಹಣ್ಣನ್ನ ಚೆರ್ರಿ ಅಂತ ಹಾಗೇ ಮಾರೋದಾ, ಪಲ್ಪ್ ಮಾಡಿ ಅಂದ್ರೆ ಸಿಪ್ಪೆ ಬಿಡ್ಸಿ ಪಾರ್ಚ್‌ಮೆಂಟ್ ಬೀಜ ಮಾರೋದಾ ಅಂತ ತಲೆ ಕೆಡಿಸ್ಕೊಳೋರಿಗೆ ಬೇಗ ಅರ್ಥ ಆಗತ್ತೆ.

ಇನ್ನು 25. 2024ರ ನವೆಂಬರ್ 12ಕ್ಕೆ ಬಂತು. ಋತು, ದ್ರಾಕ್ಷಿ, ಜೇನು ಎಲ್ಲ ಇದ್ರಲ್ಲೂ ಇದೆ, ಮೇಲೆ ಭತ್ತ ಬಂತು. ಹದಿನಾರು ವರ್ಷ ಆದ್ಮೇಲೆ ಭತ್ತ! ಹುಟಾನ್ ಪಂಟಾಯ್ ಅಂತ ಪೂರ್ವ ಏಷ್ಯಾದ ಥರ ಒಂದು ಮ್ಯಾಪ್ ಇದೆ, ಗುಡ್ಡ, ಸಣ್ಣ ಸಣ್ಣ ಗದ್ದೆ, ಕಿರಿದಾದ ರೋಡು, ಅದನ್ನ ಓಪನ್ ಮಾಡಿದ ದಿನ ನಾನು ಟ್ರ್ಯಾಕ್ಟರ್ ಹತ್ತಲೇ ಇಲ್ಲ, ಬದು ಮೇಲೆ ನಡ್ಕೊಂಡೇ ಇದ್ದೆ. ಭತ್ತ ಎರಡು ಥರ ಇದೆ, ಉದ್ದ ಅಕ್ಕಿದನ್ನ ಒಣ ಹೊಲದಲ್ಲಿ ಬಿತ್ತಬಹುದು, ಇನ್ನೊಂದಕ್ಕೆ ನೀರು ನಿಲ್ಲಿಸಿದ ಗದ್ದೇನೇ ಬೇಕು, ಸಸಿ ತಂದು ನಾಟಿ ಮಾಡ್ಬೇಕು, ಅದಕ್ಕೆ ಜಪಾನಿನ ಇಸೆಕಿ ಕಂಪನಿಯ ನಾಟಿ ಮಷಿನ್ ಇದೆ, ಶುರುವಿನಲ್ಲಿ ನೋಡಿದ್ರಲ್ಲ ಅದೇ.

ನಮ್ಮಜ್ಜಿ ಒಂದಿನ ಪಕ್ಕ ಕೂತು ಇದನ್ನ ನೋಡಿದ್ರು. ತುಂಬಾ ಹೊತ್ತು ಏನೂ ಹೇಳ್ಲಿಲ್ಲ, ಆಮೇಲೆ "ನೀರು ಜಾಸ್ತಿ ಆಯ್ತು, ಸಸಿ ತಲೆ ಮುಳುಗತ್ತೆ" ಅಂದ್ರು. ಗೇಮ್‌ನಲ್ಲಿ ಸಸಿ ಮುಳುಗಲ್ಲ ಅಜ್ಜಿ ಅಂದೆ, ಅವ್ರು ಒಪ್ಲಿಲ್ಲ. ಅಜ್ಜಿ ಕಾಲದಲ್ಲಿ ನಾಟಿ ಅಂದ್ರೆ ಊರೇ ಗದ್ದೆಗೆ ಇಳೀತಿತ್ತು, ನಾಟಿ ಮುಗಿದ ದಿನ ದೊಡ್ಡ ಗದ್ದೆಯಲ್ಲಿ ಓಟ ಇರ್ತಿತ್ತು, ಈಗ ಕೆಸರು ಗದ್ದೆ ಓಟ ಅಂತ ಕ್ರೀಡಾಕೂಟದಲ್ಲಿ ಮಾಡ್ತಾರಲ್ಲ ಅದ್ರ ಮೂಲ. ಈಗ ಎಷ್ಟೊಂದು ಗದ್ದೆ ಪಾಳು ಬಿದ್ದಿದೆ, ಆಳು ಸಿಗಲ್ಲ, ಆನೆ ಬರತ್ತೆ, ಖರ್ಚು ಹುಟ್ಟಲ್ಲ, ಕೆಲವ್ರು ನಮ್ಮ ಸುಗ್ಗಿ ಹಬ್ಬ ಪುತ್ತರಿಗೆ ಕದಿರು ತೆಗ್ಯೋಕೆ ಬೇಕಲ್ಲ ಅಂತ ಒಂದು ಮಡಿ ಮಾತ್ರ ನಾಟಿ ಮಾಡ್ತಾರೆ. ಹಾಗಿರೋವಾಗ ಗೇಮ್‌ನಲ್ಲಿ ನೀರು ನಿಂತ ಗದ್ದೆ ನೋಡಿದ್ರೆ ನಂಗೆ ಹೊಟ್ಟೆ ಒಳಗೆ ಏನೋ ಆಗತ್ತೆ, ಅದನ್ನ ಮಾರ್ಕ್ಸ್ ಕೊಟ್ಟು ಹೇಳೋಕಾಗಲ್ಲ.

25ರಲ್ಲಿ ಎಮ್ಮೇನೂ ಇದೆ, ಹಾಲು ಮೊಜರೆಲ್ಲಾ ಚೀಸ್‌ಗೆ ಹೋಗತ್ತೆ. ಒದ್ದೆ ಮಣ್ಣಲ್ಲಿ ಗಾಡಿ ಹೋದ್ರೆ ಚಕ್ರದ ಗುಂಡಿ ಬೀಳತ್ತೆ, ಮಳೆಗಾಲದಲ್ಲಿ ತೋಟದ ರೋಡಿಗೆ ಜೀಪ್ ಇಳ್ಸಿದವ್ರಿಗೆ ಇದು ಗೊತ್ತು. ಜಿಪಿಎಸ್ ಸ್ಟೀರಿಂಗ್ ಗೇಮ್ ಒಳಗೇ ಬಂತು. ಸುಂಟರಗಾಳಿ ಇದೆ, ಬೇಡ ಅಂದ್ರೆ ಆಫ್ ಮಾಡ್ಬಹುದು, ಆಲಿಕಲ್ಲು ಮಳೆ ಇದೆ, ಬೆಳೆ ಹಾಳು ಮಾಡತ್ತೆ. ಆಲಿಕಲ್ಲನ್ನ ಆಫ್ ಮಾಡ್ಬೇಡಿ ಅಂತ ನನ್ನ ಸಲಹೆ, ಹೂ ಬಿಟ್ಟ ತೋಟದ ಮೇಲೆ ಅದು ಬಿದ್ದಾಗ ಮನೆಯವ್ರು ಜಗಲಿಯಲ್ಲಿ ನಿಂತು ನೋಡೋದಿದ್ಯಲ್ಲ, ಆ ಭಯ ಒಂದು ಸಲ ಆದ್ರೂ ಗೇಮ್‌ನಲ್ಲಿ ಆಗ್ಲಿ.

ಹಾಗಾಗಿ ನನ್ನ ಲೆಕ್ಕದಲ್ಲಿ 25 ಮೊದ್ಲು, ಅದೂ ಭತ್ತ ಒಂದಕ್ಕೇ. ಲ್ಯಾಪ್‌ಟಾಪ್‌ನಲ್ಲಿ ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಇಲ್ದಿದ್ರೆ 25ಕ್ಕೆ ಕೈ ಹಾಕ್ಬೇಡಿ, 22 ತಗೊಳಿ, ಸೇಲ್‌ನಲ್ಲಿ ಕಮ್ಮಿಗೆ ಸಿಗತ್ತೆ, ಪ್ರಿಸಿಶನ್ ಫಾರ್ಮಿಂಗ್ ಅದಕ್ಕೂ ಫ್ರೀಯಾಗಿ ಇದೆ, ಮರೀದೆ ಹಾಕ್ಕೊಳಿ. ಇನ್ನೂ ಹಳೇ ಸಿಸ್ಟಮ್ ಆದ್ರೆ 19. 15, 17 ಈಗ ಹೊಸದಾಗಿ ತಗೊಳೋದು ಬೇಡ. ಫೋನ್‌ನಲ್ಲಿ ಆಡೋರಿಗೆ 2023ರಲ್ಲಿ ಬಂದ 23 ಇದೆ, ಬಸ್‌ನಲ್ಲಿ ಮೈಸೂರಿಗೆ ಹೋಗೋವಾಗ ಆಡೋಕೆ ಸಾಕು.

ಕಾಫಿ ಯಾವುದ್ರಲ್ಲೂ ಇಲ್ಲ, ಕರಿಮೆಣಸೂ ಇಲ್ಲ. ಆದ್ರೆ ಜಯಂಟ್ಸ್ ಎಡಿಟರ್ ಅಂತ ಸಾಫ್ಟ್‌ವೇರ್ ಇದೆ, ಫ್ರೀ, ಅದ್ರಲ್ಲಿ ಯಾರು ಬೇಕಾದ್ರೂ ಮ್ಯಾಪ್ ಮಾಡ್ಬಹುದು. ದೊಡ್ಡಮ್ಮನ ಮಗ ಮತ್ತೆ ನಾನು ಸೇರ್ಕೊಂಡು ಕಲೀತಿದೀವಿ, ಮಾದಾಪುರದ ಆ ಗದ್ದೆ ಮಣ್ಣು ಬೀಳೋಕೆ ಮುಂಚೆ ಹೇಗಿತ್ತೋ ಹಾಗೆ ಮಾಡ್ತಿದೀವಿ, ಹಳೇ ಫೋಟೋ ಇಟ್ಕೊಂಡು, ದೊಡ್ಡಮ್ಮನ್ನ ಕೇಳ್ಕೊಂಡು. ಏಳು ಮಡಿಯಲ್ಲಿ ಐದು ಆಗಿದೆ. ಆರನೇದ್ರ ಬದು ಹೊಳೆ ಕಡೆ ಬಾಗಿತ್ತಾ ತೋಟದ ಕಡೆ ಬಾಗಿತ್ತಾ ಅಂತ ಇಬ್ರಿಗೂ ನೆನಪಾಗ್ತಿಲ್ಲ, ಭಾನುವಾರ ಹೋಗಿ ದೊಡ್ಡಮ್ಮನ್ನ ಕೇಳ್ಬೇಕು.