ಟ್ಯಾಂಕರಿನ ಬೆನ್ನ ಮೇಲಿನ ಆ ಒಂದು ಪದ

ನಮಸ್ಕಾರ. ಹೋದ ತಿಂಗಳು ತುಮಕೂರು ರಸ್ತೆಯ ಸಿಗ್ನಲ್‌ನಲ್ಲಿ ನಮ್ಮ ಕಾರು ಪೆಟ್ರೋಲ್ ಟ್ಯಾಂಕರೊಂದರ ಹಿಂದೆ ನಿಂತಿದ್ದಾಗ, ಆರನೇ ತರಗತಿಯಲ್ಲಿ ಓದುವ ನನ್ನ ಮಗಳು ಅದರ ಬೆನ್ನ ಮೇಲಿದ್ದ ‘ಹೈಲಿ ಇನ್‌ಫ್ಲೇಮಬಲ್’ ಎಂಬ ಕೆಂಪಕ್ಷರಗಳನ್ನು ಓದಿ, ‘ಅಪ್ಪಾ, ಇದಕ್ಕೆ ಬೆಂಕಿ ಹತ್ತೋದೇ ಇಲ್ವಾ?’ ಎಂದು ಕೇಳಿದಳು. ಕರೆಕ್ಟ್‌ಗೆ ಇನ್‌ಕರೆಕ್ಟ್, ವಿಸಿಬಲ್‌ಗೆ ಇನ್‌ವಿಸಿಬಲ್ ವಿರುದ್ಧಪದವೆಂದು ಬಾಯಿಪಾಠ ಮಾಡಿರುವ ಮಗು ಬೇರೆ ಹೇಗೆ ತಾನೇ ಅರ್ಥ ಮಾಡಿಕೊಂಡೀತು?

ಫ್ಲೇಮಬಲ್ ಎಂದರೂ ಇನ್‌ಫ್ಲೇಮಬಲ್ ಎಂದರೂ ಅರ್ಥ ಒಂದೇ: ಸುಲಭವಾಗಿ ಬೆಂಕಿ ಹತ್ತಿಕೊಳ್ಳುವಂಥದ್ದು. ಇವೆರಡರಲ್ಲಿ ಹಳೆಯದು ಇನ್‌ಫ್ಲೇಮಬಲ್. ‘ಹೊತ್ತಿಸು’ ಎಂಬರ್ಥದ ಲ್ಯಾಟಿನ್ ಕ್ರಿಯಾಪದ ಇನ್‌ಫ್ಲಮಾರೆಯಿಂದ ಅದು ಬಂದಿದೆ. ಅಲ್ಲಿರುವ ‘ಇನ್’ ನಿಷೇಧವನ್ನು ಹೇಳುವುದಿಲ್ಲ, ‘ಒಳಗೆ’ ಎಂಬ ಅರ್ಥದಲ್ಲಿ ಸೇರಿಕೊಂಡು ಕ್ರಿಯೆಗೆ ಬಲ ಕೊಡುತ್ತದೆ. ನಾವು ಉರಿಯೂತ ಎಂದು ಚೆಂದವಾಗಿ ಕನ್ನಡಿಸಿಕೊಂಡಿರುವ ಇನ್‌ಫ್ಲಮೇಷನ್‌ನಲ್ಲಿ ಇರುವುದೂ ಇದೇ ‘ಇನ್’. ಫ್ಲೇಮಬಲ್ 19ನೇ ಶತಮಾನದ ಆರಂಭದಲ್ಲೇ ಕಾಣಿಸಿಕೊಂಡಿತಾದರೂ ಬಹುಕಾಲ ಅದನ್ನು ಕೇಳುವವರಿರಲಿಲ್ಲ. ಬೆಂಕಿಯ ಅನಾಹುತಗಳನ್ನು ತಡೆಯುವ ಕೆಲಸದಲ್ಲಿದ್ದ ಅಮೆರಿಕದ ನ್ಯಾಷನಲ್ ಫೈರ್ ಪ್ರೊಟೆಕ್ಷನ್ ಅಸೋಸಿಯೇಷನ್ 1920ರ ದಶಕದಲ್ಲಿ ಈ ಪದವನ್ನೇ ಬಳಸಬೇಕೆಂದು ಒತ್ತಾಯಿಸಿತು. 1959ರಲ್ಲಿ ಬ್ರಿಟನ್ನಿನ ಮಾನಕಗಳನ್ನು ನಿಗದಿಪಡಿಸುವ ಬ್ರಿಟಿಷ್ ಸ್ಟ್ಯಾಂಡರ್ಡ್ಸ್ ಇನ್‌ಸ್ಟಿಟ್ಯೂಷನ್ ಕೂಡ, ಗೊಂದಲಕ್ಕೆ ಎಡೆಯಾಗದಿರಲೆಂದು, ಅದೇ ನಿಲುವು ತಳೆಯಿತು. ಅಪಾಯಕಾರಿ ಸರಕುಗಳ ಸಾಗಣೆಗೆ ವಿಶ್ವಸಂಸ್ಥೆ ರೂಪಿಸಿರುವ ವರ್ಗೀಕರಣದಲ್ಲಿ 3ನೇ ವರ್ಗದ ಹೆಸರೇ ‘ಫ್ಲೇಮಬಲ್ ಲಿಕ್ವಿಡ್ಸ್’.

ಒಂದೇ ಅರ್ಥಕ್ಕೆ ಎರಡು ರೂಪಗಳಿರುವುದರ ಬಗ್ಗೆ ನನ್ನ ತಕರಾರಿಲ್ಲ. ಪ್ರಿವೆಂಟಿವ್ ಎನ್ನುವವರೂ ಪ್ರಿವೆಂಟೇಟಿವ್ ಎನ್ನುವವರೂ ಸುಖವಾಗಿರಲಿ. ಇಂಗ್ಲೆಂಡಿನಲ್ಲಿ ಹೆಚ್ಚುಕಡಿಮೆ ಮರೆಯಾದ ‘ಗೆಟ್’ ಕ್ರಿಯಾಪದದ ‘ಗಾಟನ್’ ಎಂಬ ಹಳೆಯ ರೂಪ ಅಮೆರಿಕದಲ್ಲಿ ಇಂದಿಗೂ ಬದುಕಿರುವುದು ನನಗೆ ನಿಜಕ್ಕೂ ಸಂತೋಷದ ಸಂಗತಿ. ಅಲ್ಲಿ ಯಾರು ಯಾವುದನ್ನು ಆರಿಸಿಕೊಂಡರೂ ಯಾರ ಕೈಯೂ ಸುಡುವುದಿಲ್ಲ. ಆದರೆ ಥಿನ್ನರ್ ಡಬ್ಬಿಯನ್ನು ಒಲೆಯ ಪಕ್ಕದಲ್ಲಿ ಇಡಬಹುದೇ ಎಂದು ಚೀಟಿ ಓದುತ್ತಿರುವ ಬಣ್ಣದ ಕೆಲಸದವನಿಗೆ ಲ್ಯಾಟಿನ್ ವ್ಯಾಕರಣ ಗೊತ್ತಿರಬೇಕೆಂದು ಬಯಸುವುದು ತಪ್ಪು. ಇನ್‌ಫ್ಲೇಮಬಲ್ ಎಂಬುದೇ ಶುದ್ಧ ರೂಪ, ಓದುವವರು ಕಲಿತುಕೊಳ್ಳಲಿ ಎಂದು ವಾದಿಸುವವರು, ಎಚ್ಚರಿಕೆಯ ಫಲಕವನ್ನು ಜನ ಅರೆಕ್ಷಣ ಮಾತ್ರ ನೋಡುತ್ತಾರೆಂಬುದನ್ನು ಮರೆಯುತ್ತಾರೆ.

ಸಿಡುಕು ಸ್ವಭಾವವನ್ನು ಬಣ್ಣಿಸಲು ಸಾಹಿತಿಗಳು ಇನ್‌ಫ್ಲೇಮಬಲ್ ಅನ್ನು ಧಾರಾಳವಾಗಿ ಬಳಸಲಿ. ಟ್ಯಾಂಕರುಗಳ ಮೇಲೆ, ಡಬ್ಬಿಗಳ ಮೇಲೆ ಮಾತ್ರ ಅದನ್ನು ಅಳಿಸಿ ಫ್ಲೇಮಬಲ್ ಎಂದು ಬರೆಯಬೇಕು. ನಮ್ಮ ರಾಜ್ಯದಲ್ಲಾದರೆ ಅದಕ್ಕೂ ಮೇಲೆ, ಅದಕ್ಕಿಂತ ದೊಡ್ಡ ಅಕ್ಷರಗಳಲ್ಲಿ, ‘ಬೇಗ ಬೆಂಕಿ ಹತ್ತುತ್ತದೆ’ ಎಂದು ಕನ್ನಡದಲ್ಲಿ ಬರೆಯಬೇಕು.